ಕೊನೆ ಹೇಳದೆ ಉಳಿಸಿಕೊಟ್ಟವರಿಗೆ

ನಾಲ್ಕು ತಿಂಗಳ ನಂತರ ಮೊನ್ನೆ ಸೋಮವಾರ ಮತ್ತೆ ಕರಡು ತಿದ್ದಲು ಕುಳಿತೆ. ಹದಿನಾರು ಪುಟ. ಮೊದಲಾಗಿದ್ದರೆ ಒಂದು ಗಂಟೆಯ ಕೆಲಸ. ಈಗ ಮಧ್ಯಾಹ್ನದ ಊಟದ ಹೊತ್ತಿನವರೆಗೆ ಹಿಡಿಯಿತು. ಬಲಗಣ್ಣಿಗೆ ಸಾಲುಗಳು ಇನ್ನೂ ನಡುವೆ ಸ್ವಲ್ಪ ಬಾಗಿದಂತೆ ಕಾಣುತ್ತವೆ. ಆದರೆ ಒತ್ತಕ್ಷರ, ದೀರ್ಘ, ಅನುಸ್ವಾರ ಎಲ್ಲವೂ ಕಂಡವು. ಕಂಡವು ಎಂದು ಬರೆಯುವಾಗಲೇ ಗಂಟಲು ಕಟ್ಟುತ್ತದೆ. ಈ ದಿನದವರೆಗೆ ನನ್ನನ್ನು ನಡೆಸಿಕೊಂಡು ಬಂದವರಿಗೆ ನಾಲ್ಕು ಜನರ ಎದುರು ನಮಸ್ಕಾರ ಹೇಳಬೇಕೆಂದು ಈ ಬರಹ.

ನಡೆದದ್ದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಒಂದು ಸಂಜೆ ಬಲಗಣ್ಣಿನ ಅಂಚಿನಲ್ಲಿ ಮಿಂಚು ಹೊಡೆದಂತಾಯಿತು, ಮರುದಿನ ಮಸಿ ಚೆಲ್ಲಿದಂತೆ ಚುಕ್ಕೆಗಳು, ಅದರ ಮರುದಿನ ಕೆಳಗಿನಿಂದ ಏರುವ ಕಪ್ಪು ಪರದೆ. ಕಣ್ಣಿನ ಹಿಂಭಾಗದ ತೆಳು ಪದರ, ರೆಟಿನಾ, ಕಳಚಿಕೊಂಡಿತ್ತು. ಎಡಗಣ್ಣು ನನಗೆ ಚಿಕ್ಕಂದಿನಿಂದಲೂ ಮಂದ. ಅಕ್ಷರ ಹಿಡಿಯುತ್ತಿದ್ದದ್ದು ಈ ಒಂದೇ ಕಣ್ಣು. ಕೊಪ್ಪದಿಂದ ಮಂಗಳೂರಿಗೆ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ಪದರ ಅದರ ಜಾಗದಲ್ಲಿ ಕೂರಲೆಂದು ಕಣ್ಣಿನೊಳಗೆ ಅನಿಲ ತುಂಬಿದರು. ಅನಿಲದ ಗುಳ್ಳೆ ಯಾವಾಗಲೂ ಮೇಲಕ್ಕೇರುವಂಥದ್ದು. ಮುಖ ಕೆಳಗೆ ಮಾಡಿದ್ದರೆ ಮಾತ್ರ ಅದು ಕಣ್ಣಿನ ಹಿಂಭಾಗವನ್ನು ಒತ್ತಿ ಹಿಡಿಯುತ್ತದೆ. ಹಾಗಾಗಿ ಹತ್ತು ದಿನ ಕವುಚಿ ಮಲಗಿದ್ದೆ. ಉಣ್ಣುವಾಗಲೂ ತಲೆ ತಗ್ಗಿಸಿಯೇ ಉಂಡೆ. ಅನಿಲ ಪೂರ್ತಿ ಕರಗುವವರೆಗೆ ಎತ್ತರದ ಜಾಗಕ್ಕೆ ಹೋಗುವಂತಿಲ್ಲ, ಕಣ್ಣಿನ ಒತ್ತಡ ಏರುತ್ತದೆ ಎಂದು ವೈದ್ಯರು ಎಚ್ಚರಿಸಿದ್ದರು. ಆಗುಂಬೆ ಘಾಟಿ ಹತ್ತದೆ ನನ್ನ ಮನೆ ಎಲ್ಲಿಯದು? ಏಳು ವಾರ ಮಂಗಳೂರಿನ ಅಕ್ಕನ ಮನೆಯೇ ನನ್ನ ಮನೆಯಾಯಿತು.

ಅಕ್ಕನಿಗೆ ಧನ್ಯವಾದ ಹೇಳಿದರೆ ಅವಳು ಬೈಯುತ್ತಾಳೆ. ಆದರೂ ಹೇಳುತ್ತೇನೆ. ಗಂಟೆಗೊಮ್ಮೆ ಕತ್ತಿನ ಕೆಳಗಿನ ದಿಂಬು ಸರಿಪಡಿಸಿದ್ದು, ಗಂಜಿಯನ್ನು ಹೀರಿಕೊಳ್ಳುವಷ್ಟು ತೆಳ್ಳಗೆ ಮಾಡಿದ್ದು, ರಾತ್ರಿ ಎರಡಕ್ಕೆ ಎಚ್ಚರವಾದರೆ ಪಕ್ಕದಲ್ಲಿ ಅವಳ ಬಳೆಯ ಸದ್ದು ಕೇಳಿಸುತ್ತಿದ್ದದ್ದು, ಇವು ನಾನು ತೀರಿಸಬಲ್ಲ ಋಣವಲ್ಲ.

ಆದರೆ ಈ ಬರಹ ಮುಖ್ಯವಾಗಿ ಇನ್ನೊಂದು ಋಣದ ಕುರಿತು. ಕಥೆಗಳ ಕೊನೆಯನ್ನು ನನಗಾಗಿ ಬಚ್ಚಿಟ್ಟವರ ಋಣ.

ಮೂವತ್ತು ವರ್ಷದಿಂದ ಕರಡು ತಿದ್ದುತ್ತಿರುವ ನನಗೆ ಯಾವ ಪುಸ್ತಕ ಹಿಡಿದರೂ ಕೊನೆಯ ಪುಟವನ್ನು ಮೊದಲು ತಿರುವಿ ನೋಡುವ ಅಭ್ಯಾಸ ಬೆಳೆದುಬಿಟ್ಟಿತ್ತು. ಪುಟಸಂಖ್ಯೆ ಸರಿ ಇದೆಯೇ, ಕೊನೆಯ ಸಾಲು ಅರ್ಧಕ್ಕೆ ನಿಂತಿಲ್ಲವೇ ಎಂದು ನೋಡುವುದು ವೃತ್ತಿಯ ಅಗತ್ಯ. ಅದೇ ನನ್ನ ಸ್ವಂತ ಓದಿಗೂ ಅಂಟಿಕೊಂಡಿತು. ಕೊಲೆ ಮಾಡಿದವರು ಯಾರು ಎಂಬುದು ಮೊದಲೇ ಗೊತ್ತಿದ್ದರೆ ನೆಮ್ಮದಿಯಾಗಿ ಓದಬಹುದು ಎಂದುಕೊಂಡಿದ್ದೆ. ಕವುಚಿ ಮಲಗಿದವಳಿಗೆ ಆ ದಾರಿ ಮುಚ್ಚಿಹೋಯಿತು. ಅಷ್ಟೇ ಅಲ್ಲ, ಪುಸ್ತಕ ಕೈಯಲ್ಲಿದ್ದಾಗ ಬಲಗೈ ಬೆರಳುಗಳಿಗೆ ಇನ್ನೆಷ್ಟು ಪುಟ ಉಳಿದಿವೆ ಎಂಬುದು ಸದಾ ಗೊತ್ತಿರುತ್ತದೆ. ಸಿನಿಮಾ ನೋಡುವಾಗ ಗಡಿಯಾರ ಇರುತ್ತದೆ. ಕಣ್ಣು ಮುಚ್ಚಿ ಇನ್ನೊಬ್ಬರ ಬಾಯಿಂದ ಕಥೆ ಕೇಳುವಾಗ ಇವೆರಡೂ ಇಲ್ಲ. ಕೊನೆ ಎನ್ನುವುದು ನಿಜಕ್ಕೂ ಹೇಳದೆ ಕೇಳದೆ ಬಂದು ನಿಲ್ಲುತ್ತದೆ. ಐವತ್ತು ದಾಟಿದ ಮೇಲೆ ನಾನು ಅದನ್ನು ಮೊದಲ ಸಲ ಅನುಭವಿಸಿದೆ.

ಮೊದಲು ಓದಿದವಳು ಅಕ್ಕನ ಮಗಳು. ಹತ್ತನೆಯ ತರಗತಿ ಮುಗಿಸಿ ರಜೆಯಲ್ಲಿದ್ದಳು. ಆರಿಸಿಕೊಂಡದ್ದು ಆರ್.ಕೆ. ನಾರಾಯಣರ ಜ್ಯೋತಿಷಿಯ ಕಥೆ, 1947ರ ಸಂಕಲನಕ್ಕೆ ಹೆಸರು ಕೊಟ್ಟ ‘ಆ್ಯನ್ ಆಸ್ಟ್ರಾಲಜರ್ಸ್ ಡೇ’. ಇಂಗ್ಲಿಷ್ ಪುಸ್ತಕ ಹಿಡಿದು ಅಲ್ಲಲ್ಲೇ ಕನ್ನಡ ಮಾಡಿಕೊಂಡು ಹೇಳಿದಳು. ಹುಣಸೆ ಮರದ ಕೆಳಗೆ ಕವಡೆ, ತಾಳೆಗರಿ ಹರಡಿಕೊಂಡು ಕುಳಿತ ಒಬ್ಬ ಜ್ಯೋತಿಷಿ. ಅವನಿಗೆ ಸ್ವಂತ ದೀಪವಿಲ್ಲ. ಪಕ್ಕದ ಕಡಲೆಕಾಯಿ ಮಾರುವವನ ಪಂಜಿನ ಬೆಳಕೇ ಗತಿ. ಅವನು ಪಂಜು ಆರಿಸಿ ಹೊರಟ ಮೇಲೆ ಕತ್ತಲಲ್ಲಿ ಒಬ್ಬ ಗಿರಾಕಿ ಬಂದು ಸವಾಲು ಹಾಕುತ್ತಾನೆ, ಚುಟ್ಟ ಹಚ್ಚುತ್ತಾನೆ. ಆ ಕಡ್ಡಿಯ ಬೆಳಕಿನಲ್ಲಿ ಜ್ಯೋತಿಷಿಗೆ ಗಿರಾಕಿಯ ಮುಖ ಕ್ಷಣಮಾತ್ರ ಕಾಣುತ್ತದೆ.

ಮುಂದಿನದನ್ನು ಹೇಳುವುದಿಲ್ಲ. ಓದದವರು ಯಾರಾದರೂ ಇದ್ದೇ ಇರುತ್ತಾರೆ.

ಕತ್ತಲಲ್ಲಿ ಮಲಗಿದ್ದ ನನಗೆ ಆ ಕತ್ತಲು ಪರಿಚಯದ್ದಾಗಿತ್ತು, ಕಡ್ಡಿ ಗೀರಿದ್ದು ನನ್ನ ಮಂಚದ ಪಕ್ಕದಲ್ಲೇ ಎನ್ನಿಸಿತು. ಕಥೆಯ ಕೊನೆಯಲ್ಲಿ ಜ್ಯೋತಿಷಿ ಮನೆಗೆ ಹೋಗಿ ಹೆಂಡತಿಯೊಡನೆ ಆಡುವ ಒಂದೆರಡು ಮಾತು ಕೇಳಿದ ಮೇಲೆ ನಾನು ಬಹಳ ಹೊತ್ತು ಮಾತನಾಡಲಿಲ್ಲ. “ಮೊದಲಿನಿಂದ ಇನ್ನೊಮ್ಮೆ ಓದು” ಎಂದೆ. ಎರಡನೆಯ ಸಲ ಕೇಳುವಾಗ ಮೈ ಜುಮ್ಮೆಂದಿತು. ಇವನು ಜ್ಯೋತಿಷಿಯಾಗಬೇಕೆಂದು ಹೊರಟವನಲ್ಲ, ಯಾರಿಗೂ ಹೇಳದೆ ಊರು ಬಿಟ್ಟು ಬಂದವನು ಎಂದು ಕಥೆಗಾರ ಆರಂಭದಲ್ಲೇ ಹೇಳಿಬಿಟ್ಟಿದ್ದಾರೆ. ಏನನ್ನೂ ಮುಚ್ಚಿಟ್ಟಿಲ್ಲ. ಕೇಳಿಸಿಕೊಂಡೂ ನಾವು ಅದರ ಮೇಲೆ ನಿಲ್ಲದೆ ಮುಂದೆ ಹೋಗಿರುತ್ತೇವೆ. ಒಳ್ಳೆಯ ತಿರುವಿನ ಲಕ್ಷಣ ಇದೇ ಎಂದು ನಾನು ನಂಬುತ್ತೇನೆ: ಅದು ಮುಗಿದ ಕಥೆಯನ್ನೇ ಹೊಸದು ಮಾಡಿ ಇನ್ನೊಮ್ಮೆ ಕೈಗಿಡುತ್ತದೆ. ಎಲ್ಲವೂ ಕನಸಾಗಿತ್ತು ಎಂದೋ, ಅಲ್ಲಿಯವರೆಗೆ ಸುಳಿವೇ ಇಲ್ಲದ ಅವಳಿ ತಮ್ಮನನ್ನು ಕೊನೆಯಲ್ಲಿ ತಂದು ನಿಲ್ಲಿಸಿಯೋ ಮುಗಿಸುವ ಕಥೆ ಎರಡನೆಯ ಓದಿಗೆ ಏನನ್ನೂ ಉಳಿಸುವುದಿಲ್ಲ. ಅದು ಕೇಳುವವರ ನಂಬಿಕೆಗೆ ಮಾಡುವ ಮೋಸ.

ಆ ಹುಡುಗಿಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಮೊದಮೊದಲು ಕೊನೆ ಹತ್ತಿರವಾದಂತೆ ಅವಳ ದನಿ ನಿಧಾನವಾಗುತ್ತಿತ್ತು, ಉಸಿರು ಬಿಗಿಯಾಗುತ್ತಿತ್ತು. ನನಗೆ ತಿಳಿದುಬಿಡುತ್ತಿತ್ತು. ಒಂದು ದಿನ ಅದನ್ನು ಹೇಳಿದೆ. “ಹಾಗಾದರೆ ನಾನು ಕೊನೆಯನ್ನು ಮೊದಲೇ ಓದಿ ಬಂದಿರಬಾರದು, ಅಲ್ಲವಾ ಚಿಕ್ಕಮ್ಮ?” ಎಂದಳು. ಅಂದಿನಿಂದ ತಾನೂ ಮುಂದೆ ಓದದೆ, ನನ್ನೊಟ್ಟಿಗೇ ಮೊದಲ ಸಲ ಓದತೊಡಗಿದಳು. ಹದಿನಾರರ ಹುಡುಗಿ ಪುಸ್ತಕವನ್ನು ಮೇಜಿನ ಮೇಲೆ ಮುಚ್ಚಿಟ್ಟು ಮರುದಿನ ಮಧ್ಯಾಹ್ನದವರೆಗೆ ಕಾಯುವುದು ಸಣ್ಣ ತ್ಯಾಗವಲ್ಲ. ಮಗಳೇ, ನಿನಗೆ ನನ್ನ ಪ್ರೀತಿಯ ಧನ್ಯವಾದ.

ಭಾವ ತಾಳಮದ್ದಲೆಯ ಅರ್ಥಧಾರಿ, ವೇಷವಿಲ್ಲದೆ ಕುಳಿತು ಮಾತಿನಲ್ಲೇ ಪಾತ್ರ ಕಟ್ಟುವವರು. ಮೊದಲು ಅವರಿಗೆ ನನ್ನ ಈ ಹೊಸ ಹುಚ್ಚು ಅರ್ಥವಾಗಲಿಲ್ಲ. ಕೊನೆ ಗೊತ್ತಿಲ್ಲದ ಪ್ರಸಂಗ ನಮ್ಮಲ್ಲಿ ಯಾವುದಿದೆ, ಕರ್ಣಭೇದನವನ್ನು ಜನ ನೂರು ಸಲ ಕೇಳಿಯೂ ನೂರಾ ಒಂದನೆಯ ಸಲ ಬರುವುದಿಲ್ಲವೇ ಎಂದರು. ಅವರ ಮಾತು ನಿಜ. ನಾನು ಎರಡು ದಿನ ಅದನ್ನೇ ಯೋಚಿಸಿದೆ. ಕೃಷ್ಣ ಬಾಯಿ ತೆರೆಯುವ ಮೊದಲೇ ಸಭೆಗೆಲ್ಲ ಕರ್ಣನ ಹುಟ್ಟು ಗೊತ್ತು. ಗೊತ್ತಿಲ್ಲದವನು ಕರ್ಣ ಒಬ್ಬನೇ. ಅವನಿಗೆ ಗೊತ್ತಾಗುವುದನ್ನು ನೋಡಲು ನಾವು ಕುಳಿತಿರುತ್ತೇವೆ. ಕೊನೆಯಲ್ಲಿ ತಿರುಗುವ ಕಥೆಯಲ್ಲಿ ಕರ್ಣನ ಜಾಗದಲ್ಲಿ ನಾವೇ ಕುಳಿತಿರುತ್ತೇವೆ. ಅಲ್ಲಿಯವರೆಗಿನ ಬದುಕೆಲ್ಲ ಒಂದು ಮಾತಿನಿಂದ ಬೇರೆಯಾಗಿ ಕಾಣತೊಡಗುತ್ತದೆ. ಇದನ್ನು ಹೇಳಿದಾಗ ಭಾವ ಸುಮ್ಮನಾದರು. ಮರುದಿನದಿಂದ ತಾವು ನೋಡಿದ ಹಳೆಯ ಸಿನಿಮಾಗಳ ಕಥೆ ಹೇಳಲು ಕುಳಿತರು. ಅರ್ಥಧಾರಿಯ ಬಾಯಲ್ಲಿ ಸಿನಿಮಾ ಕಥೆ ಕೇಳುವ ಭಾಗ್ಯ ಎಷ್ಟು ಜನಕ್ಕಿದೆ!

ಕೊನೆ ಕಾಯುವುದು ಎಷ್ಟು ದೊಡ್ಡ ಸಂಪ್ರದಾಯ ಎಂದು ತಿಳಿದದ್ದೂ ಅವರಿಂದಲೇ. 1955ರ ಫ್ರೆಂಚ್ ಚಿತ್ರ ‘ಲೆ ದಿಯಾಬೊಲಿಕ್’ ಮುಗಿದ ಮೇಲೆ, ನೋಡಿದ್ದನ್ನು ಗೆಳೆಯರಿಗೆ ಹೇಳಬೇಡಿ ಎಂಬ ಕೋರಿಕೆ ತೆರೆಯ ಮೇಲೆ ಬರುತ್ತದೆ. 1960ರಲ್ಲಿ ‘ಸೈಕೋ’ ಬಿಡುಗಡೆಯಾದಾಗ ಚಿತ್ರ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬಾರದೆಂದು ಅದರ ನಿರ್ದೇಶಕ ಹಿಚ್‌ಕಾಕ್ ಕಟ್ಟುನಿಟ್ಟು ಮಾಡಿದ್ದರು. ಲಂಡನ್ನಿನಲ್ಲಿ ಅಗಾಥಾ ಕ್ರಿಸ್ಟಿಯವರ ‘ದಿ ಮೌಸ್‌ಟ್ರ್ಯಾಪ್’ ನಾಟಕ ಆರಂಭವಾದದ್ದು 1952ರಲ್ಲಿ. ಕೊರೋನಾ ಕಾಲದಲ್ಲಿ ನಿಂತು 2021ರಲ್ಲಿ ಮತ್ತೆ ಶುರುವಾಯಿತು. ಪ್ರತಿ ಪ್ರದರ್ಶನದ ಕೊನೆಯಲ್ಲಿ ಗುಟ್ಟು ಬಿಟ್ಟುಕೊಡಬೇಡಿ ಎಂದು ಪ್ರೇಕ್ಷಕರನ್ನು ಕೇಳಿಕೊಳ್ಳುವ ರೂಢಿ ಅಲ್ಲಿದೆ. ಎಂದೂ ಭೇಟಿಯಾಗದವರ ಸಂತೋಷಕ್ಕಾಗಿ ಇಷ್ಟು ಜನ ಇಷ್ಟು ವರ್ಷ ಬಾಯಿ ಬಿಗಿಹಿಡಿದಿದ್ದಾರೆ! ಕೊಪ್ಪದ ನನ್ನ ಭಾನುವಾರದ ಗೆಳತಿಯರೇ, ನೀವೂ ಆ ಸಾಲಿಗೆ ಸೇರಿದವರು. ಒಟ್ಟಿಗೆ ನೋಡಬೇಕೆಂದುಕೊಂಡಿದ್ದ ಸಿನಿಮಾವನ್ನು ನೀವು ನಾಲ್ವರು ನೋಡಿಬಂದು, ನಾನು ಘಾಟಿ ಹತ್ತಿ ಬಂದು ಮನೆಯಲ್ಲಿ ಅದನ್ನು ನೋಡಿ ಮುಗಿಸುವವರೆಗೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಅದರ ಸುದ್ದಿಯನ್ನೇ ಎತ್ತಲಿಲ್ಲ. ಅಷ್ಟು ದಿನ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ನಿಮಗೆ ನನ್ನ ನಮಸ್ಕಾರ.

ಇನ್ನು ನನ್ನ ಮೇಷ್ಟ್ರು. ಪ್ರೌಢಶಾಲೆಯಲ್ಲಿ ನನಗೆ ಕನ್ನಡ ಕಲಿಸಿದವರು, ಈಗ ಎಂಬತ್ತರ ಹತ್ತಿರ, ಶಿರಸಿಯಲ್ಲಿ ಮಗನ ಮನೆಯಲ್ಲಿದ್ದಾರೆ. ಸುದ್ದಿ ತಿಳಿದ ದಿನದಿಂದ ರಾತ್ರಿ ಎಂಟಕ್ಕೆ ಸರಿಯಾಗಿ ಫೋನ್ ಮಾಡಿ ಇಪ್ಪತ್ತು ನಿಮಿಷ ಓದುತ್ತಿದ್ದರು. ರಟ್ಟು ಹರಿದ ಹಳೆಯ ಪತ್ತೇದಾರಿ ಕಾದಂಬರಿ. ಕನ್ನಡ ಪಾಠ ಹೇಳುವವರು ಇಂಥದ್ದನ್ನು ಇಟ್ಟುಕೊಂಡಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. ಹಾಜರಿ ಕರೆಯುವ ದನಿಯಲ್ಲೇ ಕೊಲೆಯನ್ನೂ ಓದಿದರು, ಚಹಾ ಕುಡಿದದ್ದನ್ನೂ ಓದಿದರು. ಯಾವುದು ಸುಳಿವು, ಯಾವುದು ಅಲ್ಲ ಎಂಬುದು ಕೊನೆಗೂ ಹೊಳೆಯಲಿಲ್ಲ.

ನಡುನಡುವೆ ನಿಲ್ಲಿಸಿ ಪಾಠವನ್ನೂ ಮಾಡುತ್ತಿದ್ದರು. “ಇಲ್ಲಿ ನೋಡು, ‘ಕಪ್ಪು ಆಕೃತಿಯೊಂದು ಗೋಡೆ ಹಾರಿತು’ ಎಂದು ಬರೆದಿದ್ದಾರೆ. ಯಾಕೆ ಆಕೃತಿ?” ನಮ್ಮ ಭಾಷೆಯಲ್ಲಿ ಹಾರಿದನು ಎಂದರೆ ಗಂಡಸು, ಹಾರಿದಳು ಎಂದರೆ ಹೆಂಗಸು, ಕ್ರಿಯಾಪದವೇ ಗುಟ್ಟು ಹೇಳಿಬಿಡುತ್ತದೆ. ಅದಕ್ಕೇ ಕನ್ನಡದ ಪತ್ತೇದಾರಿ ಲೇಖಕ ಆಕೃತಿ ಎನ್ನುತ್ತಾನೆ, ನೆರಳು ಎನ್ನುತ್ತಾನೆ. ನಪುಂಸಕಲಿಂಗದ ಹಿಂದೆ ಕೊಲೆಗಾರನನ್ನು ನಿಲ್ಲಿಸುತ್ತಾನೆ. ನಾನು ಎಂದು ಹೇಳಿಕೊಳ್ಳುವ ಕಥೆಯಲ್ಲಿ ಮಾತ್ರ ಈ ಕಷ್ಟವಿಲ್ಲ. ಬಂದೆನು, ನೋಡಿದೆನು ಎನ್ನುವಾಗ ಹೇಳುವವರು ಹೆಣ್ಣೋ ಗಂಡೋ ಯಾರಿಗೆ ಗೊತ್ತು? ಮೂವತ್ತು ವರ್ಷ ಕ್ರಿಯಾಪದಗಳನ್ನು ತಿದ್ದಿದ ನನಗೆ ಇದು ಹೊಳೆದಿರಲಿಲ್ಲ. ಮತ್ತೆ ಒಂಬತ್ತನೆಯ ತರಗತಿಯ ಬೆಂಚಿನ ಮೇಲೆ ಕುಳಿತಂತಾಯಿತು. ಕಣ್ಣು ಮರಳುತ್ತದೋ ಇಲ್ಲವೋ ಎಂಬ ಭಯ ಆ ಇಪ್ಪತ್ತು ನಿಮಿಷ ನನ್ನ ಹತ್ತಿರ ಬರುತ್ತಿರಲಿಲ್ಲ.

ಕೊನೆಯ ಅಧ್ಯಾಯದ ಹೊಸ್ತಿಲಿಗೆ ಬಂದ ರಾತ್ರಿ ಮೇಷ್ಟ್ರು ಓದು ನಿಲ್ಲಿಸಿದರು. “ಉಳಿದದ್ದನ್ನು ನೀನೇ ಓದಬೇಕು. ಕಣ್ಣು ಬರಲಿ” ಎಂದರು. ನಾನು ಬೇಡಿಕೊಂಡೆ. ಅವರು ಕರಗಲಿಲ್ಲ. ಆಗ ನನಗೆ ಬೆರಳುಗಳು ಕೂಡ ಮಂಜಾಗಿ ಕಾಣುತ್ತಿದ್ದವು. ವೈದ್ಯರು ಏನನ್ನೂ ಖಚಿತವಾಗಿ ಹೇಳುತ್ತಿರಲಿಲ್ಲ. ಮೇಷ್ಟ್ರು ಮಾತ್ರ ನಾನು ಓದಿಯೇ ಓದುತ್ತೇನೆ ಎಂದು ಪುಸ್ತಕ ಎತ್ತಿಟ್ಟರು. ಮರುದಿನದಿಂದ ಬೇರೆ ಪುಸ್ತಕ ಹಿಡಿದರು, ಇದರ ಮಾತೇ ಎತ್ತಲಿಲ್ಲ.

ನಿನ್ನೆ ಅಂಚೆಯಲ್ಲಿ ಆ ಪುಸ್ತಕ ಬಂದಿದೆ. ಕೊನೆಯ ಹನ್ನೊಂದು ಪುಟಗಳಿಗೆ ಬಿಳಿ ಕಾಗದದ ಪಟ್ಟಿ ಸುತ್ತಿ ಅಂಟಿಸಿದ್ದಾರೆ. ಪಟ್ಟಿಯ ಮೇಲೆ ಅವರ ದುಂಡು ಅಕ್ಷರದಲ್ಲಿ ನನ್ನ ಹೆಸರು. ಬಲಗಣ್ಣಿನಿಂದಲೇ ಓದಿದೆ. ಪಟ್ಟಿಯನ್ನು ಇನ್ನೂ ಬಿಡಿಸಿಲ್ಲ, ಕೊನೆಯ ಪುಟವನ್ನು ತಿರುವಿ ನೋಡಿಲ್ಲ.

ಮೇಷ್ಟ್ರೇ, ಇವತ್ತು ರಾತ್ರಿ ಎಂಟು ಗಂಟೆಗೆ ನಾನೇ ಫೋನ್ ಮಾಡುತ್ತೇನೆ. ನಿಧಾನವಾಗಿ ಓದುತ್ತೇನೆ, ಅಲ್ಲಲ್ಲಿ ತಡವರಿಸಬಹುದು. ನೀವು ಕೇಳಿಸಿಕೊಳ್ಳಿ.