ಸ್ಟಿಕ್ಕರ್ ಕೆಳಗಿನ ಸ್ಟಿಕ್ಕರ್: ಶಿರಸಿಯ ಗೆಳೆಯನಿಗೊಂದು ಪತ್ರ

ಕುಮಟಾ
ಭಾನುವಾರ, ಮಳೆ ಬಿಟ್ಟ ಮಧ್ಯಾಹ್ನ

ಮಾರಾಯಾ,

ಮೊನ್ನೆ ಬೆಂಗಳೂರಿನ ಮಾದರಿ ರೈಲಿನ ಅಂಗಡಿಯೊಳಗಿಂದಲೇ ಫೋನ್ ಮಾಡಿ, "ಒಂದು ಎಂಜಿನ್ನಿಗೆ 30,000 ಹೇಳ್ತಾನೆ, ಜರ್ಮನಿಯಲ್ಲಿ ಇದು ಹತ್ತೇ ಸಾವಿರ, ಹಗಲು ದರೋಡೆ" ಅಂತ ಕೂಗಿದೆಯಲ್ಲ, ಅಂಗಡಿಯವನಿಗೂ ಕೇಳಿಸಿರಬೇಕು. ನಾನು ಬಸ್ಸಿನಲ್ಲಿದ್ದೆ, ಸರಿಯಾಗಿ ಮಾತಾಡಲು ಆಗಲಿಲ್ಲ. ಕೊಳ್ಳದೆ ಬಂದೆ ಅಂತ ಆಮೇಲೆ ಗೊತ್ತಾಯಿತು. ಒಳ್ಳೇದೇ ಆಯಿತು. ಆದರೆ ಅವನನ್ನು ಪೂರ್ತಿ ಕಳ್ಳ ಅನ್ನಬೇಡ.

ನಿನ್ನ ಆಸೆ ನನಗೆ ಅರ್ಥವಾಗುತ್ತದೆ. ಶಿರಸಿಗೆ ರೈಲೇ ಬಂದಿಲ್ಲ. ರೈಲು ನೋಡಬೇಕೆಂದರೆ ನೀನು ತಾಳಗುಪ್ಪಕ್ಕೆ ಹೋಗಬೇಕು, ಇಲ್ಲವೇ ಘಟ್ಟ ಇಳಿದು ನಮ್ಮೂರಿಗೆ ಬರಬೇಕು. ಮಾರಿಕಾಂಬಾ ಜಾತ್ರೆಯಲ್ಲಿ ಕೊಂಡ ಕೀಲಿ ರೈಲನ್ನು ನಿಮ್ಮ ಮನೆ ಅಂಗಳದಲ್ಲಿ ಓಡಿಸಿ, ಅದು ಚರಂಡಿಗೆ ಬಿದ್ದದ್ದು ನನಗೆ ಇನ್ನೂ ನೆನಪಿದೆ. ಅತ್ತವನು ನೀನು, ಬೈಸಿಕೊಂಡವನು ನಾನು.

ಈಗ ಲೆಕ್ಕಕ್ಕೆ ಬಾ. ನಾನು ನನ್ನ ಎಂಜಿನ್ ಕೊಂಡ 2023ರ ದರದಲ್ಲಿ ಹೇಳುತ್ತೇನೆ. ಮಾದರಿ ರೈಲು ಸುಂಕದ ಪಟ್ಟಿಯಲ್ಲಿ ಆಟಿಕೆಗಳ ಸಾಲಿನಲ್ಲೇ ಬರುತ್ತದೆ. ಐವತ್ತು ವರ್ಷದವನು ಓಡಿಸಿದರೂ ಅಷ್ಟೆ, ಗೊಂಬೆಯ ಪಕ್ಕದಲ್ಲೇ ಅದರ ಜಾಗ. ಆಟಿಕೆ ಮೇಲಿನ ಆಮದು ಸುಂಕ 2020ರ ಬಜೆಟ್‌ನಲ್ಲಿ ಶೇ. 20ರಿಂದ 60ಕ್ಕೆ ಹಾರಿತು, 2023ರಲ್ಲಿ 70ಕ್ಕೆ ಏರಿತು. ಈ ಸುಂಕ ಬರೀ ಮಾಲಿನ ಮೇಲಲ್ಲ, ಸಾಗಣೆ ಖರ್ಚು ಸೇರಿಸಿದ ಮೊತ್ತದ ಮೇಲೆ. ಹತ್ತು ಸಾವಿರದ ಎಂಜಿನ್ನಿಗೆ ಸಾಗಣೆ 1,500 ಅಂತ ಹಿಡಿ. 11,500 ಆಯಿತು. ಶೇ. 70ರ ಸುಂಕ 8,050. ಒಟ್ಟು 19,550. ಸುಂಕ ಸೇರಿದ ಈ ಮೊತ್ತದ ಮೇಲೆ ಮತ್ತೆ ಜಿಎಸ್‌ಟಿ, ಅಂದರೆ ತೆರಿಗೆಗೇ ತೆರಿಗೆ. ಶೇ. 18 ಹಾಕಿದರೆ 23,000 ದಾಟುತ್ತದೆ. ಅಂಗಡಿಯ ಬಾಗಿಲು ಇನ್ನೂ ತೆರೆದೇ ಇಲ್ಲ ನೋಡು. ಅವನಿಗೆ ಡೀಲರ್ ದರ ಸಿಗುತ್ತದೆ ಅಂತ ನೀನು ವಾದ ಮಾಡುತ್ತೀಯ. ಸಿಗುತ್ತದೆ. ಆದರೆ ವರ್ಷಕ್ಕೆ ನಾಲ್ಕು ಎಂಜಿನ್ ತರಿಸುವವನಿಗೆ ಯಾರು ಎಷ್ಟು ಬಿಡುತ್ತಾರೆ? ಅದನ್ನು ಗಾಜಿನ ಕಪಾಟಿನಲ್ಲಿ ಎರಡು ವರ್ಷ ಇಟ್ಟು, ನಿನ್ನಂಥವರು ನೂರು ಜನ ಮುಟ್ಟಿ ನೋಡಿ ಹೋದ ಮೇಲೆ ಒಬ್ಬ ಕೊಳ್ಳುತ್ತಾನೆ. ಉಳಿದ ಆರೇಳು ಸಾವಿರಕ್ಕೆ ನಾನು ಜಗಳ ಮಾಡುವುದಿಲ್ಲ. ಈಗಿನ ಸುಂಕ ಎಷ್ಟಿದೆ ಅಂತ ಮಾತ್ರ ಕೊಳ್ಳುವ ಮುಂಚೆ ನೋಡಿಕೋ, ಬಜೆಟ್ ಬಂದಾಗ ಇದು ಬದಲಾಗಬಹುದು.

ನನ್ನ ಜಗಳ ಬೇರೆ.

ನಾನು ಕೊಂಡದ್ದು ಸಣ್ಣ ಶಂಟಿಂಗ್ ಎಂಜಿನ್ (ನಿಲ್ದಾಣದಲ್ಲಿ ಬೋಗಿ ಜೋಡಿಸುವಂಥದ್ದು), 14,200 ರೂಪಾಯಿ. ಮನೆಗೆ ತಂದು ಡಬ್ಬಿ ಒರೆಸುವಾಗ ಬೆಲೆಯ ಸ್ಟಿಕ್ಕರ್ ಮೂಲೆ ಎದ್ದಿತ್ತು. ಸುಮ್ನೆ ಉಗುರಲ್ಲಿ ಕೆರೆದೆ. ಕೆಳಗೆ ಇನ್ನೊಂದು ಸ್ಟಿಕ್ಕರ್, 9,900. ಅದರ ಪಕ್ಕದಲ್ಲಿ ಆಮದಾದ ತಿಂಗಳು, 2019ರದ್ದು! ಅಂದರೆ ಈ ಎಂಜಿನ್ ಬಂದರು ದಾಟಿದ್ದು ಶೇ. 20 ಸುಂಕ ಕಟ್ಟಿ. ಕಾಗದ ತೆಗೆದು ಕೂತೆ. ನೂರರ ಮಾಲು ಸುಂಕ ಸೇರಿ 120 ಇದ್ದದ್ದು 170 ಆದರೆ 9,900 ಎಷ್ಟಾಗುತ್ತದೆ? ಸುಮಾರು 14,000. ಪುಣ್ಯಾತ್ಮ ಎಷ್ಟು ಸರಿಯಾಗಿ ಲೆಕ್ಕ ಹಾಕಿದ್ದಾನೆ ನೋಡು. ಮೇಲಿನ 200 ಸ್ಟಿಕ್ಕರ್ ಖರ್ಚು ಇರಬೇಕು.

ಅಂಗಡಿಯವನಿಗೆ ಫೋನ್ ಮಾಡಿ ಕೇಳಿದೆ. ಅವನು ಬೇಜಾರೇನೂ ಮಾಡಿಕೊಳ್ಳಲಿಲ್ಲ. "ಸರ್, ನಿಮಗೆ ಹಳೆ ರೇಟಿಗೆ ಕೊಟ್ಟರೆ ಮುಂದಿನ ಮಾಲು ನಾನು ಯಾವ ರೇಟಿಗೆ ತರಲಿ?" ಅಂದ. ನನಗೆ ತಕ್ಷಣ ನೆನಪಾದದ್ದು ನಿಮ್ಮ ಮನೆಯ ಅಟ್ಟ. ಎರಡು ವರ್ಷದ ಹಿಂದಿನ ಚಾಲಿ ಅಡಿಕೆ ಮೂಟೆ ಕಟ್ಟಿಟ್ಟು, ದರ ಏರಲಿ ಅಂತ ಕಾಯುತ್ತೀರಲ್ಲ, ಆಗ ಹಳೆಯ ಕೊಯ್ಲಿನ ಕೂಲಿ ಲೆಕ್ಕ ಹಾಕಿ ಮಾರುತ್ತೀರಾ? ಬಾಯಿ ಕಟ್ಟಿಹೋಯಿತು. ಫೋನ್ ಇಟ್ಟೆ.

ರಾತ್ರಿ ಊಟಕ್ಕೆ ಕೂತಾಗ ಉತ್ತರ ಹೊಳೆಯಿತು. ನನಗೆ ಯಾವಾಗಲೂ ಹೀಗೇ. ಚಾಲಿಗೆ ಎಂಆರ್‌ಪಿ ಇಲ್ಲ, ಡಬ್ಬಿಗೆ ಇದೆ! ಪೊಟ್ಟಣದ ಮಾಲಿನ ನಿಯಮದಲ್ಲಿ ಬೆಲೆ ಇಳಿಸಲು ಸ್ಟಿಕ್ಕರ್ ಹಚ್ಚಬಹುದು, ಏರಿಸಲು ಹಚ್ಚುವಂತಿಲ್ಲ. ಇಳಿಸಿದರೂ ಹಳೆಯ ದರ ಮುಚ್ಚಬಾರದು. ಅದಕ್ಕೇ ಹೇಳುತ್ತೇನೆ, ಅಂಗಡಿಗೆ ಹೋದರೆ ಮೊದಲು ಎಂಜಿನ್ ನೋಡಬೇಡ. ಡಬ್ಬಿ ತಿರುಗಿಸು. ಆಮದಾದ ತಿಂಗಳು ಓದು. ಸ್ಟಿಕ್ಕರ್ ದಪ್ಪ ಇದೆಯಾ ಅಂತ ಬೆರಳಾಡಿಸು. ಹಳೆ ಮಾಲು ಆಗಿದ್ದರೆ ಮೆಲ್ಲಗೆ ಹೇಳು, ಕೂಗಬೇಡ. ಖಂಡಿತ ಇಳಿಸುತ್ತಾನೆ.

ಇನ್ನೊಂದು ಮಾತು. ಮೂಲೆಯ ಬುಟ್ಟಿಯಲ್ಲಿ ಮಾರ್ಕ್ಲಿನ್ ಡಬ್ಬಿಗಳು ಅಗ್ಗಕ್ಕೆ ಇವೆ ಅಂತ ಹೇಳಿದೆಯಲ್ಲ, ಮುಟ್ಟಬೇಡ. ಕಂಪನಿ ಒಳ್ಳೆಯದೇ, ಆದರೆ ಅವರ ಎಚ್‌ಒ ಅಳತೆಯ ಗಾಡಿಗಳು ಎರಡು ಹಳಿಗಳ ನಡುವಿನಿಂದಲೂ ಕರೆಂಟ್ ಹಿಡಿಯುವಂಥವು. ನಮ್ಮದು ಎರಡು ಹಳಿಯ, 12 ವೋಲ್ಟಿನ ಡಿಸಿ. ಆ ಚಕ್ರಗಳನ್ನು ನಮ್ಮ ಹಳಿ ಮೇಲಿಟ್ಟರೆ ಶಾರ್ಟ್ ಆಗುತ್ತದೆ. ಅಮೆರಿಕದಿಂದ ನಿನ್ನ ಭಾವ ಸೆಟ್ ತರುತ್ತೇನೆ ಅಂದರೆ ಕರೆಂಟ್ ಡಬ್ಬಿ ಅಲ್ಲೇ ಬಿಟ್ಟು ಬರಲಿ. ಅದು 120 ವೋಲ್ಟಿನದು, ನಮ್ಮ 230ಕ್ಕೆ ಸಿಕ್ಕಿಸಿದ ಕೂಡಲೇ ಹೊಗೆ ಬರುತ್ತದೆ. ಹಳಿಗೆ ಮಾತ್ರ ಜಿಪುಣತನ ಮಾಡಬೇಡ. ನಿಕ್ಕಲ್ ಸಿಲ್ವರ್ ಅನ್ನುವ ಮಿಶ್ರಲೋಹದ ಹಳಿಯನ್ನೇ ತಗೋ. ಅಗ್ಗದ ಉಕ್ಕಿನ ಹಳಿ ನಮ್ಮ ಮಳೆಗಾಲದ ಥಂಡಿಗೆ ಒಂದೇ ಆಷಾಢದಲ್ಲಿ ತುಕ್ಕು ಹಿಡಿಯಿತು.

ಆದರೆ ಹುಲ್ಲು, ಮರ, ಗುಡ್ಡ, ಮನೆ ಅಂತ ಪೊಟ್ಟಣದಲ್ಲಿ ಮಾರುತ್ತಾರಲ್ಲ, ಅದಕ್ಕೆ ಒಂದು ರೂಪಾಯಿಯೂ ಹಾಕಬೇಡ. ಅಂಗೈಯಷ್ಟು ಬಣ್ಣದ ಮರದಪುಡಿಗೆ ಸಾವಿರ ರೂಪಾಯಿ! ನಾನು ಚಿರೇಕಲ್ಲು ಕುಟ್ಟಿ ಜರಡಿ ಹಿಡಿದೆ. ಗುಡ್ಡ ಕೊರೆದ ಜಾಗದ ಆ ಕೆಂಪು ಯಾವ ಪರದೇಶದ ಪೊಟ್ಟಣದಲ್ಲೂ ಇಲ್ಲ. ಒಣಗಿದ ತುಳಸಿ ಕದಿರು ಮರವಾಯಿತು. ತೆಂಗಿನ ನಾರಿನ ಪುಡಿ ಹುಲ್ಲಾಯಿತು.

ಒಂದು ತಮಾಷೆ ಹೇಳಿ ಮುಗಿಸುತ್ತೇನೆ. ಎಚ್‌ಒ ಅಂದರೆ 1:87. ಹಳಿಯ ನಡುವಿನ ಅಂತರ 16.5 ಮಿಲಿಮೀಟರ್. ಅದು ಯುರೋಪಿನ 1,435 ಮಿಲಿಮೀಟರ್ ಹಳಿಗೆ ಸರಿ. ನಮ್ಮ ಬ್ರಾಡ್‌ಗೇಜ್ 1,676. ಹಾಗಾಗಿ ನಮ್ಮ ಹಳಿಗೆ 19 ಮಿಲಿಮೀಟರ್ ಮೇಲೆ ಬೇಕು. ಅಷ್ಟು ಸುಂಕ ಕೊಟ್ಟು ತಂದದ್ದೂ ನಮ್ಮ ರೈಲಲ್ಲ, ಜರ್ಮನಿಯ ಗಾಡಿ ಕೊಂಕಣಕ್ಕೆ ನೆಂಟನಾಗಿ ಬಂದ ಹಾಗೆ. ಹೊನ್ನಾವರದ ಶರಾವತಿ ಸೇತುವೆ ಮಾಡೋಣ ಅಂದಿದ್ದೆಯಲ್ಲ, ಲೆಕ್ಕ ಹಾಕಿದೆ. ನಿಜದ ಸೇತುವೆ 2 ಕಿಲೋಮೀಟರ್‌ಗಿಂತ ಜಾಸ್ತಿ. 87ರಿಂದ ಭಾಗಿಸಿದರೂ ಸುಮಾರು 24 ಮೀಟರ್. ಜಗಲಿಯಿಂದ ಶುರುವಾದರೆ ಬಾವಿಕಟ್ಟೆ ದಾಟಿ ಕೊಟ್ಟಿಗೆಗೆ ಹೋಗುತ್ತದೆ. ಮನೆಯವಳಿಗೆ ಹೇಳಿದೆ. ಅವಳು ಏನೂ ಹೇಳಲಿಲ್ಲ, ಸುಮ್ನೆ ನೋಡಿದಳು. ಮೂರೇ ಕಮಾನಿನ ಸಣ್ಣ ಸೇತುವೆ ಮಾಡುತ್ತಿದ್ದೇನೆ.

ಮುಂದಿನ ವಾರ ಘಟ್ಟ ಇಳಿದು ಬರುವಾಗ ಎರಡು ಅಗಲದ ಅಡಿಕೆ ಹಾಳೆ ತಾ. ಬಿರುಕು ಬಿಟ್ಟದ್ದು ಬೇಡ. ಪ್ಲಾಟ್‌ಫಾರ್ಮಿಗೆ ಸೂರು ಹಾಕಬೇಕು.

ನಿನ್ನ,
ಕುಮಟೆಯ ಗೆಳೆಯ