ಕುಂಬಾದದ್ದು ಪಕ್ಕಾಸಿನ ಬುಡ, ಇಳಿಸುವುದು ಇಡೀ ಮಾಡು!

ಮಾನ್ಯ ಸಂಪಾದಕರೇ,

ಹಳೆ ಹೆಂಚಿನ ಮನೆಯ ಮಾಡಿನಲ್ಲಿ (ಛಾವಣಿಯಲ್ಲಿ) ನಾಲ್ಕು ಪಕ್ಕಾಸು, ಅಂದರೆ ಹೆಂಚಿನ ಭಾರ ಹೊರುವ ಇಳಿಜಾರು ಮರಗಳು, ಕುಂಬಾಗಿವೆ (ಕೊಳೆತು ಮೆತ್ತಗಾಗಿವೆ) ಎಂದ ಕೂಡಲೇ, ಮರವನ್ನೆಲ್ಲ ಇಳಿಸಿ ಕಬ್ಬಿಣದ ಪೈಪು, ಶೀಟು ಹಾಕಿಸಿಬಿಡಿ ಎನ್ನುವವರೇ ಹೆಚ್ಚು. ಬಹಳಷ್ಟು ಸಲ ಅದು ದಂಡದ ಖರ್ಚು. ಪಕ್ಕಾಸು ಸಾಮಾನ್ಯವಾಗಿ ಕೆಡುವುದು ಗೋಡೆಯ ಮೇಲೆ ಕೂರುವ ಬುಡದಲ್ಲಿ, ಇಲ್ಲವೇ ಎರಡು ಇಳಿಜಾರು ಕೂಡಿ ನೀರು ಹರಿಯುವ ಮೂಲೆಯ ಕೆಳಗೆ. ಉಳಿದ ಉದ್ದವೆಲ್ಲ ಗಟ್ಟಿಯಾಗಿಯೇ ಇರುತ್ತದೆ.

ಬಣ್ಣ ನೋಡಿ ತೀರ್ಮಾನಿಸಬಾರದು. ದಬ್ಬಣದಿಂದ ಚುಚ್ಚಬೇಕು. ಗಟ್ಟಿ ಮರದಲ್ಲಿ ಅದು ಒಂದೆರಡು ಮಿ.ಮೀ.ಗೆ ನಿಲ್ಲುತ್ತದೆ, ಕುಂಬಾದ ಮರದಲ್ಲಿ ಸಲೀಸಾಗಿ ಇಳಿಯುತ್ತದೆ. ಮೇಲೆ ಚೆನ್ನಾಗಿದ್ದು ಸುತ್ತಿಗೆಯಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಒಳಗೆ ಗೆದ್ದಲು ತಿಂದಿರುವ ಸಾಧ್ಯತೆಯೇ ಹೆಚ್ಚು. ಮರದ ತೇವ ಶೇ 20ರ ಒಳಗಿದ್ದರೆ ಕುಂಬು ತರುವ ಶಿಲೀಂಧ್ರ ಬೆಳೆಯುವುದಿಲ್ಲ. ಹಾಗಾಗಿ ಒಡೆದ ಹೆಂಚು, ಕಸ ಕಟ್ಟಿದ ಮಳೆನೀರಿನ ದೋಣಿ ಸರಿಯಾಗುವ ಮುನ್ನ ಹೊಸ ಮರ ಕೂರಿಸಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಕೊಯ್ಯುವ ಮೊದಲು ಆ ಭಾಗದ ಹೆಂಚು ಇಳಿಸಿ, ಪಕ್ಕಾಸಿಗೆ ಕೆಳಗಿನಿಂದ ಕಂಬ ಕೊಡಬೇಕು. ಕಂಬದ ಬುಡಕ್ಕೆ ದಪ್ಪ ಹಲಗೆ ಇರಲಿ, ಇಲ್ಲದಿದ್ದರೆ ನೆಲವೇ ಕುಸಿಯುತ್ತದೆ. ತಗ್ಗಿದ ಮಾಡನ್ನು ಜಾಕ್ ಕೊಟ್ಟು ಒಂದೇ ದಿನದಲ್ಲಿ ನೇರ ಮಾಡುವ ಹುಮ್ಮಸ್ಸು ಬೇಡ, ಗೋಡೆ ಬಿರಿಯುತ್ತದೆ. ಅಕ್ಕಪಕ್ಕದ ಎರಡು ಪಕ್ಕಾಸಿನ ಬುಡವನ್ನು ಒಟ್ಟಿಗೆ ಕತ್ತರಿಸಲೂಬಾರದು.

ಕುಂಬು ಮುಗಿದು ಗಟ್ಟಿ ಮರ ಸಿಗುವವರೆಗೆ ಕೊಯ್ದು ತೆಗೆಯಿರಿ. ಹಳೆಯದರಷ್ಟೇ ಅಗಲ, ದಪ್ಪದ ಒಣಗಿದ ಮರವನ್ನು ಪಕ್ಕದಲ್ಲಿ ಜೋಡಿಸಿ. ಗಟ್ಟಿ ಭಾಗದ ಜೊತೆ ಕನಿಷ್ಠ 60 ಸೆಂ.ಮೀ. ಕೂಡಿರಬೇಕು. 100 ಮಿ.ಮೀ. ಅಗಲದ ಪಕ್ಕಾಸಿಗೆ 10 ಮಿ.ಮೀ.ನ ನಾಲ್ಕು ಬೋಲ್ಟ್ ಹಾಕಬಹುದು. ತುದಿಯಿಂದ 70, ಅಂಚಿನಿಂದ 40 ಮಿ.ಮೀ. ಬಿಟ್ಟು, ಒಂದು ಮೇಲೆ ಒಂದು ಕೆಳಗೆ ಬರುವಂತೆ ತೂತು ಕೊರೆಯಬೇಕು. ಎಲ್ಲವೂ ಒಂದೇ ಗೆರೆಯಲ್ಲಿ ಬಂದರೆ ಮರ ಉದ್ದಕ್ಕೆ ಸೀಳಬಹುದು. ವಾಷರ್ ಅಗಲವಾಗಿರದಿದ್ದರೆ ನಟ್ ಮರದೊಳಗೆ ಹೂತುಹೋಗುತ್ತದೆ. ಬರೀ ಮೊಳೆ ಹೊಡೆದ ಜೋಡಣೆ ಸಡಿಲವಾಗುವ ಸಾಧ್ಯತೆ ಹೆಚ್ಚು. ಹಸಿ ಮರ ಬಳಸಿದರೂ ಅಷ್ಟೇ, ಅದು ಒಣಗಿ ಕುಗ್ಗಿದಂತೆ ಬೋಲ್ಟ್ ಅಲುಗಾಡತೊಡಗುತ್ತದೆ. ಒಣ ಮರವಾದರೂ ವರ್ಷದ ನಂತರ ಒಮ್ಮೆ ನಟ್ ಬಿಗಿ ಮಾಡಿ. ತೊಲೆ ದೊಡ್ಡದಾಗಿದ್ದರೆ, ಅಥವಾ ಅದರ ನಡುಭಾಗವೇ ಕೆಟ್ಟಿದ್ದರೆ ಈ ಲೆಕ್ಕ ಸಾಲದು, ಎಂಜಿನಿಯರಿಗೆ ತೋರಿಸಬೇಕು.

ಅತಿ ಹೆಚ್ಚು ಹಾನಿ ಮಾಡುವುದು ಕೊನೆಗೆ ಮೆತ್ತುವ ಸಿಮೆಂಟು. ತೊಲೆಯ ತುದಿಯನ್ನು ಗೋಡೆಯೊಳಗೆ ಗಾರೆಯಿಂದ ಮುಚ್ಚಿದರೆ ನೀರು ಒಳಹೋಗುವುದು ನಿಲ್ಲುವುದಿಲ್ಲ, ಒಣಗುವುದು ಮಾತ್ರ ನಿಲ್ಲುತ್ತದೆ. ತುದಿಗೂ ಎರಡು ಪಕ್ಕಕ್ಕೂ ಸುಮಾರು 12 ಮಿ.ಮೀ. ಗಾಳಿಯ ಸಂದು ಬಿಡಿ, ಕೆಳಗೆ ಚಪ್ಪಟೆ ಕಲ್ಲು ಕೊಡಿ. ಕೊಯ್ದ ತುದಿ ಬೇರೆಲ್ಲಕ್ಕಿಂತ ಬೇಗ ನೀರು ಹೀರುವುದರಿಂದ, ಕುಂಬು, ಗೆದ್ದಲು ತಡೆಯುವ ಬೊರ‍್ಯಾಕ್ಸ್, ಬೋರಿಕ್ ಆಮ್ಲದ ದ್ರಾವಣವನ್ನು ಅಲ್ಲಿಗೆ ಎರಡು ಮೂರು ಸಲ ಕುಡಿಸಬೇಕು. ಮಳೆ ನೇರ ಬೀಳುವ ಸೂರಿನಲ್ಲಿ ಅದು ತೊಳೆದುಹೋಗುತ್ತದೆ, ಅಲ್ಲಿ ಮೇಲೆ ಬಣ್ಣವೂ ಬೇಕು. ಹಳೆ ಎಂಜಿನ್ ಆಯಿಲ್ ಬಳಿಯುವ ರೂಢಿಯನ್ನಂತೂ ಬಿಡಬೇಕು. ಅದು ಒಳಗೆ ಇಳಿಯುವುದು ಅಷ್ಟಕ್ಕಷ್ಟೇ. ಬೆಂಕಿ ತಗುಲಿದರೆ ಮಾತ್ರ ಚೆನ್ನಾಗಿ ಉರಿಯುತ್ತದೆ.

ಇತಿ,
ಒಬ್ಬ ಬಡಗಿ