ದೂರು: ನೀವು ಬರೆದ ಅನಲಾಗ್ ಔಟ್‌ಪುಟ್ ಪ್ಲೇಯರಿನಲ್ಲಿ ಇಲ್ಲ

ಗ್ರಾಹಕ ಸೇವಾ ವಿಭಾಗದ ವ್ಯವಸ್ಥಾಪಕರಿಗೆ,

ಫೋನಿನಲ್ಲಿ ಸಮಾಧಾನದಿಂದ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಈ ಪತ್ರ.

ನಿಮ್ಮ ಮೈಸೂರಿನ ಅಂಗಡಿಯಲ್ಲಿ 4ಕೆ ಬ್ಲೂ-ರೇ ಪ್ಲೇಯರ್ ಕೊಂಡೆ. ನಿಮ್ಮ ವೆಬ್‌ಸೈಟಿನಲ್ಲಿ ಅದಕ್ಕೆ 7.1 ಅನಲಾಗ್ ಔಟ್‌ಪುಟ್ (ಪ್ರತಿ ಸ್ಪೀಕರಿನ ಸೌಂಡನ್ನು ಬೇರೆ ಬೇರೆ ವೈರಿನಲ್ಲಿ ಕಳಿಸುವ ಎಂಟು ಸಾಕೆಟ್) ಇದೆ ಎಂದು ಬರೆದಿತ್ತು. ಆ ಒಂದು ಸಾಲು ನೋಡಿಯೇ ಕೊಂಡಿದ್ದು. ನನ್ನ ಆಂಪ್ಲಿಫೈಯರ್ ಹಳೆಯದು. ಎಚ್‌ಡಿಎಂಐ ಇಲ್ಲ, ಅಂಥ ಆರು ವೈರು ಹಾಕುವ 5.1 ಅನಲಾಗ್ ಇನ್‌ಪುಟ್ ಇದೆ. ಬ್ಲೂ-ರೇ ಡಿಸ್ಕಿನಲ್ಲಿ ಗುಣಮಟ್ಟ ಕೆಡದಂತೆ ತುಂಬಿದ ಸೌಂಡಿನ ಬಗೆಗಳಾದ ಡಾಲ್ಬಿ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೊ ಎರಡನ್ನೂ ಹಳೆಯ ಪ್ಲೇಯರ್ ತಾನೇ ಡಿಕೋಡ್ ಮಾಡಿ ಆರು ವೈರಿನಲ್ಲಿ ಕಳಿಸುತ್ತಿತ್ತು. ಚಿತ್ರ 4ಕೆ ಆಗಲಿ, ಸೌಂಡ್ ಕೆಡದಿರಲಿ, ಇಷ್ಟೇ ನನಗೆ ಬೇಕಿದ್ದದ್ದು. ಅಂಗಡಿಯಲ್ಲೂ ಕೇಳಿದೆ. "ಎಲ್ಲಾ ಇದೆ ಸರ್" ಅಂದರು.

ಮನೆಗೆ ತಂದು ಡಬ್ಬ ಬಿಚ್ಚಿದರೆ ಹಿಂದುಗಡೆ ಎಚ್‌ಡಿಎಂಐ, ಒಂದು ಆಪ್ಟಿಕಲ್ (ಬೆಳಕಿನ ಕೇಬಲ್ಲಿನ ಸೌಂಡ್ ಸಾಕೆಟ್). ಅಷ್ಟೇ.

ಮರುದಿನವೇ ವಾಪಸ್ ತಂದೆ. ನಿಮ್ಮ ಮ್ಯಾನೇಜರ್ ಕಂಪ್ಯೂಟರಿನಿಂದ ಕಣ್ಣು ಕೀಳಲಿಲ್ಲ. ಪ್ಲೇಯರನ್ನು ತಿರುಗಿಸಿ ಅವರ ಮುಂದೆ ಇಟ್ಟೆ. ನೋಡಲಿಲ್ಲ. "ಆಪ್ಟಿಕಲ್ ಹಾಕೊಳ್ಳಿ ಅಂಕಲ್, ಎಲ್ಲಾ ಒಂದೇ" ಅಂದರು. ಒಂದೇ ಅಲ್ಲ ಎಂದು ವಿವರಿಸಿದೆ. ಆಪ್ಟಿಕಲ್ಲಿನಲ್ಲಿ ಟ್ರೂಎಚ್‌ಡಿ ಹೋಗುವುದೇ ಇಲ್ಲ, ಅದರ ಬದಲು ಸೆಕೆಂಡಿಗೆ ಹೆಚ್ಚೆಂದರೆ 640 ಕಿಲೋಬಿಟ್‌ನ, ಕುಗ್ಗಿಸಿದ ಡಾಲ್ಬಿ ಡಿಜಿಟಲ್ ಹೋಗುತ್ತದೆ ಅಂದೆ. ನಾನು ಮಾತು ಮುಗಿಸುವ ಮೊದಲೇ ಅವರು ಮೊಬೈಲ್ ತೆಗೆದು, ಅಲ್ಲಿದ್ದ ಸೌಂಡ್‌ಬಾರಿಗೆ ಬ್ಲೂಟೂತ್ ಹಾಕಿ, ಒಂದು ಹಾಡನ್ನು ಜೋರಾಗಿ ಬಿಟ್ಟರು. "ಕೇಳಿಸ್ತಿದೆಯಾ ಅಂಕಲ್? ಸೌಂಡ್ ಅಂದ್ರೆ ಸೌಂಡು. ನಿಮ್ಮ ವಯಸ್ಸಿಗೆ ಆ ವ್ಯತ್ಯಾಸ ಎಲ್ಲಿ ಗೊತ್ತಾಗುತ್ತೆ ಬಿಡಿ." ಟಿವಿ ನೋಡಲು ಬಂದಿದ್ದವರು ತಿರುಗಿ ನೋಡಿದರು. ಬಿಲ್ ಹಾಕುವ ಹುಡುಗ ನಕ್ಕ. ವೆಬ್‌ಸೈಟಿನ ಸಾಲನ್ನು ತೋರಿಸಿದರೆ, "ಅದು ವೆಬ್‌ಸೈಟ್‌ನೋರು ಬರೆದಿರೋದು, ಅವರನ್ನೇ ಕೇಳಿ. ಇಲ್ಲಾಂದ್ರೆ ಹೊಸ ಆಂಪ್ಲಿಫೈಯರ್ ತಗೊಳ್ಳಿ, ಇಎಂಐ ಮಾಡಿಸ್ತೀನಿ" ಅಂದರು.

ವೆಬ್‌ಸೈಟಿನಲ್ಲೂ ಬಿಲ್ಲಿನಲ್ಲೂ ಇರುವುದು ಒಂದೇ ಕಂಪನಿಯ ಹೆಸರು. ನಾನು ಬೇರೆ ಯಾರನ್ನು ಕೇಳಬೇಕು?

ನನ್ನ ಕಿವಿ ಸರಿಯಾಗಿಯೇ ಇದೆ. ಹಳೆಯ ಪ್ಲೇಯರಿನಲ್ಲಿ ತಬಲಾದ ಪೆಟ್ಟು ಬಿದ್ದ ಮೇಲೆ ಉಳಿಯುವ ಗುಂಗು ಕೇಳುತ್ತಿತ್ತು. ಆಪ್ಟಿಕಲ್ಲಿನಲ್ಲಿ ಅದು ಮೊಂಡಾಗಿದೆ. ಅದೇ ಡಿಸ್ಕ್, ಅದೇ ಸ್ಪೀಕರ್. ಕೇಳದೇ ಇದ್ದರೂ ಏನಂತೆ? ಬರೆದದ್ದನ್ನು ಕೊಡಬೇಕು ಅಲ್ವಾ?

ವಿವರಕ್ಕೆ ಹೊಂದದ ವಸ್ತುವನ್ನು ವಾಪಸ್ ಪಡೆದು ಪೂರ್ತಿ ಹಣ ಕೊಡುತ್ತೇವೆ ಎನ್ನುವುದು ನಿಮ್ಮದೇ ನಿಯಮ. ನಿಮಗೆ ಅದನ್ನು ನಾನು ಓದಿ ಹೇಳಬೇಕಿಲ್ಲ. ಆದರೂ ಫೋನ್ ಮಾಡಿದಾಗಲೆಲ್ಲ ಸಿಕ್ಕಿದ್ದು ಹೊಸ ದೂರಿನ ಸಂಖ್ಯೆ ಮಾತ್ರ. ಆ ತಪ್ಪು ಸಾಲು ಇವತ್ತಿಗೂ ನಿಮ್ಮ ವೆಬ್‌ಸೈಟಿನಲ್ಲಿ ಹಾಗೇ ಇದೆ. ಹಳೆಯ ಆಂಪ್ಲಿಫೈಯರ್ ಇಟ್ಟುಕೊಂಡ ಇನ್ನೊಬ್ಬರು ಅದನ್ನು ನಂಬಿ ದುಡ್ಡು ಹಾಕುತ್ತಾರೆ. ನನಗೆ ಜಾಸ್ತಿ ಸಿಟ್ಟು ಬಂದಿರುವುದು ಇದಕ್ಕೇ.

ಒಂದು ವಾರದೊಳಗೆ ಪೂರ್ತಿ ಹಣ ಬರಬೇಕು. ಬರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ದೂರುದಾರ ಇರುವ ಊರಿನಲ್ಲೇ ಕೇಸ್ ಹಾಕಬಹುದು. ನಿಮ್ಮ ಹೆಡ್ ಆಫೀಸಿನವರು ಇಲ್ಲಿಗೆ ಓಡಾಡಲಿ. ವೆಬ್‌ಸೈಟಿನ ಪುಟದ ಸ್ಕ್ರೀನ್‌ಶಾಟ್, ಬಿಲ್, ಪ್ಲೇಯರಿನ ಹಿಂಭಾಗದ ಫೋಟೊ ಎಲ್ಲವೂ ನನ್ನ ಬಳಿ ಇವೆ. ನೀವು ಈಗ ಹಣ ಕೊಟ್ಟರೂ, ಆ ಸಾಲು ತೆಗೆಯದಿದ್ದರೆ ದಾರಿ ತಪ್ಪಿಸುವ ಜಾಹೀರಾತು ಎಂದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೇ ಕೊಡುತ್ತೇನೆ.

ಇಂತಿ,
ನಿಮ್ಮ ಗ್ರಾಹಕ,
ಮೈಸೂರು